ಕಮ್ಮಿ ಬಜೆಟ್‌ನಲ್ಲಿ ಏರ್ ರೈಫಲ್‌ಗೆ ಸ್ಕೋಪು, ಮೌಂಟು ಆರಿಸೋದು ಹೇಗೆ

ನಮ್ಮ ದಾವಣಗೆರೆ ಕಡೆ ತೋಟದಲ್ಲೋ ಮನೆ ಹಿಂದಿನ ಖಾಲಿ ಜಾಗದಲ್ಲೋ ಏರ್ ರೈಫಲ್ ಇಟ್ಕೊಂಡು ಪೇಪರ್ ಟಾರ್ಗೆಟ್ ಹೊಡೆಯೋ ಹುಡುಗರು ಸಿಕ್ಕಾಗೆಲ್ಲ ಕೇಳೋದು ಒಂದೇ, "ಅಣ್ಣ, ಎಷ್ಟು ಎಕ್ಸ್ ಸ್ಕೋಪ್ ತಗೊಳ್ಳಲಿ?" ಎಕ್ಸ್ ಅಂದ್ರೆ ಸ್ಕೋಪು, ಅಂದ್ರೆ ರೈಫಲ್ ಮೇಲಿನ ದುರ್ಬೀನು, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ ಅನ್ನೋದು, ಆ ಲೆಕ್ಕ ಕೊನೇಗೆ ಬರ್ಲಿ. ಮೊದ್ಲು ನೋಡ್ಬೇಕಿರೋದು ರೈಫಲ್ ಒಳಗೆ ಸ್ಪ್ರಿಂಗ್ ಐತಾ ಇಲ್ಲ ಗಾಳಿ ಸಿಲಿಂಡರ್ ಐತಾ ಅಂತ, ಆಮೇಲೆ ಮೇಲಿನ ರೈಲು, ಅಂದ್ರೆ ಸ್ಕೋಪ್ ಕೂರಿಸೋ ಪಟ್ಟಿ, ಎಂಥದ್ದು ಅಂತ, ಆಮೇಲೆ ಮೌಂಟು, ಅಂದ್ರೆ ಸ್ಕೋಪನ್ನ ರಿಂಗಲ್ಲಿ ಹಿಡಿದು ಆ ರೈಲಿಗೆ ಬಿಗಿಯೋದು, ಅದಾದ್ಮೇಲೆ ಸ್ಕೋಪು. ಈ ಆರ್ಡರ್ ಉಲ್ಟಾ ಮಾಡಿದೋರು ಎರಡೆರಡು ಸಲ ದುಡ್ಡು ಹಾಕೋದನ್ನ ನೋಡಿ ನೋಡಿ ಬೇಜಾರಾಗಿದೆ, ಅದಕ್ಕೇ ಒಂದೇ ಕಡೆ ಬರೀತಿದೀನಿ.

ಕಾನೂನಿನ ಮಾತು ಮೊದ್ಲೇ ಮುಗಿಸಿಬಿಡ್ತೀನಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರು, ಅಂದ್ರೆ 4.5 ಎಂಎಂ, ಶಕ್ತಿ 20 ಜೂಲ್ ಒಳಗೆ ಇರೋ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ಅದನ್ನ ದಾಟಿದ್ರೆ ಬೇಕು. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಗಿಳಿ, ಬೆಳವ, ಮೊಲ ಹೊಡೀಬಹುದು ಅಂತಲ್ಲ, 1972ರ ವನ್ಯಜೀವಿ ಕಾಯ್ದೆಗೆ ನೀವು ಹೊಡೆದಿದ್ದು ಏರ್ ಗನ್ನಿಂದಲೋ ಕವಣೆಯಿಂದಲೋ ಅನ್ನೋದು ಮುಖ್ಯ ಅಲ್ಲ. ಜಗಳೂರು ಕಡೆ ಕೊಂಡುಕುರಿಗೆ ಅಂತಲೇ ರಂಗಯ್ಯನದುರ್ಗ ಅಭಯಾರಣ್ಯ ಐತೆ, ಇತ್ಲಾಗೆ ಜೋಗಿಮಟ್ಟಿ ಕಾಡೈತೆ, ಆ ಕಡೆಗೆಲ್ಲ ರೈಫಲ್ ಹೆಗಲಿಗೆ ಹಾಕ್ಕೊಂಡು ಹೋಗೋದೇ ಬೇಡ. ಪೇಪರ್ ಹೊಡೀರಿ, ಡಬ್ಬ ಹೊಡೀರಿ, ಅದ್ರಲ್ಲೇ ಕಲಿಯೋದು ಬೇಕಾದಷ್ಟಿದೆ.

ಈಗ ಅಸಲಿ ವಿಷಯ. ಕಮ್ಮಿ ಬಜೆಟ್‌ನಲ್ಲಿ ನಮ್ಮೋರ ಕೈಲಿರೋದು ಹೆಚ್ಚಾಗಿ ಸ್ಪ್ರಿಂಗರ್, ಬ್ಯಾರೆಲ್ ಮುರಿದು, ಅಂದ್ರೆ ಮಡಚಿ, ಒಳಗಿನ ಸ್ಪ್ರಿಂಗ್ ಬಿಗಿಸಿ ಕಾಕ್ ಮಾಡೋದು. ಇದರ ಒದೆತ ನಿಜವಾದ ಬಂದೂಕಿನ ಥರ ಅಲ್ಲ. ಟ್ರಿಗರ್ ಎಳೆದ ತಕ್ಷಣ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ರೈಫಲ್ ಹಿಂದಕ್ಕೆ ಬರುತ್ತೆ, ಆಮೇಲೆ ಪಿಸ್ಟನ್ ಮುಂದೆ ಹೋಗಿ ಗಕ್ಕನೆ ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಿಗಿಯುತ್ತೆ. ಈ ಎರಡು ಏಟೂ ಕಣ್ಣು ಮಿಟುಕಿಸೋದ್ರೊಳಗೆ ಆಗಿಹೋಗಿರುತ್ತೆ. ಸಾಮಾನ್ಯ ಬಂದೂಕಿನ ಸ್ಕೋಪ್ ಮಾಡೋರು ಹಿಂದಕ್ಕೆ ಬರೋ ಒದೆತಕ್ಕೆ ಮಾತ್ರ ಒಳಗಿನ ಲೆನ್ಸು, ಕ್ರಾಸ್‌ಹೇರ್ (ಗುರಿ ಇಡೋ ಅಡ್ಡ ಉದ್ದ ಗೆರೆ) ಎಲ್ಲ ಬಿಗಿ ಮಾಡಿರ್ತಾರೆ, ಈ ಮುಂದಕ್ಕೆ ಬೀಳೋ ಏಟಿಗೆ ಅವು ಸಡಿಲ ಆಗ್ತವೆ. ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಲೆ ಬಾಳೋ ಸ್ಕೋಪು ಸ್ಪ್ರಿಂಗರ್ ಮೇಲೆ ಬೇಗ ಕೆಡೋದು ಇದಕ್ಕೇ. ಸ್ಪ್ರಿಂಗ್ ಬದ್ಲು ಗ್ಯಾಸ್ ಪಿಸ್ಟನ್ ಇದ್ರೆ ಏಟು ಇನ್ನೂ ಚುರುಕು. ಪಿಸಿಪಿ, ಅಂದ್ರೆ ಮೊದ್ಲೇ ಗಾಳಿ ತುಂಬಿಸಿ ಇಡೋ ರೈಫಲ್, ಅದಕ್ಕೆ ಈ ತಲೆನೋವೇ ಇಲ್ಲ, ಒದೆತ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಯಾವ ಸ್ಕೋಪ್ ಹಾಕಿದ್ರೂ ತಡ್ಕೊಳುತ್ತೆ.

ಹೊಳಲ್ಕೆರೆ ಕಡೆಯ ಒಬ್ಬ ಹುಡುಗ ಒಂದಿನ ರೈಫಲ್ ತಂದು ನನ್ನ ಕೈಗಿಟ್ಟ, ಮೇಲೆ 6-24×50 ಸ್ಕೋಪು, ಅಂದ್ರೆ 6 ರಿಂದ 24 ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಲೆನ್ಸ್ 50 ಎಂಎಂ, ನೋಡೋಕೆ ಫಿರಂಗಿ. "ಅಣ್ಣ, ಸ್ಕೋಪ್ ಪೀಸೇ ಸರಿ ಇಲ್ಲ, ಐದು ಹೊಡೆದ್ರೆ ಐದು ಕಡೆ ಬೀಳುತ್ತೆ" ಅಂದ. ನಾನು ಸ್ಕೋಪ್ ಒಳಗೆ ನೋಡೋಕೂ ಹೋಗ್ಲಿಲ್ಲ, ರೈಲು ನೋಡಿದೆ. ಕಪ್ಪು ಪಾಲಿಷ್ ಮೇಲೆ ಬೆಳ್ಳಿ ಗೆರೆ, ಹಿಂದಿನ ರಿಂಗಿನ ಮುಂದುಗಡೆ ಅರ್ಧ ಸೆಂಟಿಮೀಟರ್ ಉದ್ದಕ್ಕೆ ಉಜ್ಜಿದ ಗುರುತು. ಪ್ರತಿ ಹೊಡೆತಕ್ಕೂ ಮೌಂಟು ಕೂದಲೆಳೆಯಷ್ಟು ಹಿಂದಕ್ಕೆ ಜಾರಿತ್ತು, ಬಸ್ಸು ಜರಕ್ಕನೆ ಹೊರಟಾಗ ನಿಂತಿರೋರು ಹಿಂದಕ್ಕೆ ವಾಲ್ತಾರಲ್ಲ ಹಾಗೆ. ಸ್ಕೋಪಿಗೆ ಅಷ್ಟು ದುಡ್ಡು ಸುರಿದು, ಜೊತೆಗೆ ಪುಕ್ಕಟೆ ಬಂದ ತಗಡಿನಂಥ ಎರಡು ರಿಂಗ್ ಹಾಕಿದ್ದ.

ಅದಕ್ಕೇ ನನ್ನ ಲೆಕ್ಕ ಹಿಂಗೆ, ಸ್ಪ್ರಿಂಗರ್ ಆದ್ರೆ ಒಟ್ಟು ದುಡ್ಡಲ್ಲಿ ನಾಲ್ಕನೇ ಒಂದು ಭಾಗ ಮೌಂಟಿಗೆ ಎತ್ತಿಡ್ರಿ. ಎಂಟು ಸಾವಿರ ಇದ್ರೆ ಎರಡು ಸಾವಿರ ಮೌಂಟಿಗೆ, ಆರು ಸ್ಕೋಪಿಗೆ. ತೀರಾ ಕಮ್ಮಿ ಇದ್ರೆ ಸ್ಕೋಪ್ ಚಿಕ್ಕದು ಮಾಡ್ಕೊಳ್ರಿ, ಮೌಂಟಲ್ಲಿ ಉಳಿಸೋಕೆ ಹೋಗ್ಬೇಡ್ರಿ.

ಮೌಂಟ್ ತಗೊಳ್ಳೋ ಮುಂಚೆ ರೈಲು ಅಳೀರಿ. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಇರೋದು 11 ಎಂಎಂ ಡವ್‌ಟೇಲ್, ಅಂದ್ರೆ ಮೇಲ್ಗಡೆ ಎರಡೂ ಬದಿ ಓರೆಯಾಗಿ ಕೊರೆದ ತೋಡು. ಅಡ್ಡಡ್ಡ ಹಲ್ಲು ಹಲ್ಲಾಗಿ ಅಗಲವಾಗಿದ್ರೆ ಅದು ಪಿಕಾಟಿನ್ನಿ ಅಥವಾ ವೀವರ್, ಸುಮಾರು 20 ಎಂಎಂ. ಒಂದರ ಮೌಂಟು ಇನ್ನೊಂದಕ್ಕೆ ಕೂರಲ್ಲ, ಆನ್‌ಲೈನ್‌ನಲ್ಲಿ ಫೋಟೋ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ, ಅದಕ್ಕೆ ವಿವರ ಓದದೆ ಆರ್ಡರ್ ಹಾಕ್ಬೇಡ್ರಿ. ಸ್ಪ್ರಿಂಗರ್‌ಗೆ ಬೇಕಾಗಿರೋದು ಒಂದೇ ತುಂಡಿನ ಮೌಂಟು, ಪ್ರತಿ ರಿಂಗಿಗೂ ಮೇಲ್ಗಡೆ ನಾಲ್ಕು ಸ್ಕ್ರೂ, ಮುಖ್ಯವಾಗಿ ಕೆಳಗೆ ಸ್ಟಾಪ್ ಪಿನ್. ಆ ಪಿನ್ ರೈಫಲ್ ರೈಲಿನ ಹಿಂಭಾಗದಲ್ಲಿರೋ ತೂತಿಗೆ ಇಳಿದು ಕೂತ್ರೆ ಮೌಂಟು ಹಿಂದಕ್ಕೆ ಜಾರೋ ಪ್ರಶ್ನೆನೇ ಇಲ್ಲ. ನಿಮ್ಮ ರೈಫಲ್‌ನಲ್ಲಿ ತೂತು ಇಲ್ಲ ಅಂದ್ರೆ ರೈಲಿನ ಹಿಂದೆ ತಡೆಗೆ ಒಂದು ಸ್ಟಾಪರ್ ಬ್ಲಾಕ್ ಇದ್ಯಾ ನೋಡ್ರಿ, ಅದಕ್ಕೆ ಮೌಂಟಿನ ಹಿಂಬದಿ ಒತ್ತಿ ಕೂರಿಸ್ಬೇಕು.

ಎತ್ತರ ಎಷ್ಟಿರ್ಬೇಕು ಅಂದ್ರೆ, ಮುಂದಿನ ದಪ್ಪ ಲೆನ್ಸಿಗೂ ಬ್ಯಾರೆಲ್ಲಿಗೂ ಎರಡು ಮೂರು ಎಂಎಂ ಸಂದು ಉಳಿದ್ರೆ ಸಾಕು, ಅದಕ್ಕಿಂತ ಎತ್ತರ ಆದಷ್ಟೂ ಕೆನ್ನೆ ಸ್ಟಾಕಿಂದ, ಅಂದ್ರೆ ರೈಫಲ್ ಹಿಂದಿನ ಹಿಡಿಯಿಂದ, ಎದ್ದೇಳುತ್ತೆ, ತಲೆ ಒಂದೇ ಕಡೆ ನಿಲ್ಲಲ್ಲ. ಪಿಸಿಪಿನಲ್ಲಿ ಬೇರೆ ಲೆಕ್ಕ, ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ತುಂಬೋ ಮ್ಯಾಗಜೀನ್ ರೈಲಿಗಿಂತ ಮೇಲೆ ಎದ್ದಿರುತ್ತಲ್ಲ, ಒಂದೇ ತುಂಡಿನದು ಹಾಕಿದ್ರೆ ಮ್ಯಾಗಜೀನ್‌ಗೆ ಅಡ್ಡ ಬರುತ್ತೆ, ಅಲ್ಲಿ ಸ್ವಲ್ಪ ಎತ್ತರದ ಎರಡು ಬಿಡಿ ರಿಂಗೇ ಸರಿ. ಸ್ಕೋಪಿನ ಟ್ಯೂಬು 25.4 ಎಂಎಮ್ಮಾ 30 ಎಂಎಮ್ಮಾ ಅಂತಾನೂ ನೋಡ್ಕೊಂಡೇ ರಿಂಗ್ ತಗೊಳ್ರಿ.

ಇನ್ನು ಸ್ಕೋಪು. ಬಾಕ್ಸ್ ಮೇಲೋ ವಿವರದಲ್ಲೋ ಸ್ಪ್ರಿಂಗ್ ಏರ್ ಗನ್ನಿಗೆ ಆಗುತ್ತೆ ಅಂತ ಬರೆದಿರ್ಬೇಕು, ಇದು ಮೊದಲ್ನೇ ಷರತ್ತು. ಎರಡನೇದು ಎಒ, ಅಂದ್ರೆ ಮುಂದಿನ ಲೆನ್ಸ್ ತಿರುಗಿಸಿ ದೂರಕ್ಕೆ ತಕ್ಕಂಗೆ ಫೋಕಸ್ ಮಾಡೋ ವ್ಯವಸ್ಥೆ, ಕೆಲವದ್ರಲ್ಲಿ ಪಕ್ಕದಲ್ಲಿ ತಿರುಗಣೆ ಇರುತ್ತೆ. ಬಂದೂಕಿನ ಸ್ಕೋಪುಗಳನ್ನ ಫ್ಯಾಕ್ಟರಿಯಲ್ಲೇ 100 ಗಜಕ್ಕೆ ಸೆಟ್ ಮಾಡಿರ್ತಾರೆ. ನಾವು ಹೊಡೆಯೋದು 10 ಮೀಟರ್, 25 ಮೀಟರ್. ಹತ್ತಿರದಲ್ಲಿ ಚಿತ್ರ ಮಂಜಾಗುತ್ತೆ ಅನ್ನೋದು ಸಣ್ಣ ವಿಷಯ, ದೊಡ್ಡದು ಪ್ಯಾರಲಾಕ್ಸ್. ರೈಫಲ್ನ ಮರಳು ಚೀಲದ ಮೇಲೆ ಅಲುಗದ ಹಾಗೆ ಇಟ್ಟು, ಮುಟ್ಟದೆ, ತಲೆ ಮಾತ್ರ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಿ ನೋಡ್ರಿ. ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ಓಡಾಡಿದ್ರೆ ನಿಮ್ಮ ಕಣ್ಣು ಎಲ್ಲಿಟ್ರಿ ಅನ್ನೋದ್ರ ಮೇಲೆ ಪೆಲೆಟ್ ಬೀಳೋ ಜಾಗ ಬದಲಾಗುತ್ತೆ ಅಂತ ಅರ್ಥ. ಫೋಕಸ್ 10 ಗಜದವರೆಗೂ ಇಳಿಯೋ ಸ್ಕೋಪ್ ಇದ್ರೆ ಈ ಕಾಟ ತಪ್ಪುತ್ತೆ.

ಎಕ್ಸ್ ಎಷ್ಟು ಅಂದ್ರೆ, 25 ಮೀಟರ್ ಒಳಗೆ 4 ರಿಂದ 6 ಸಾಕು. ಬಜೆಟ್ ತುಂಬ ಕಮ್ಮಿ ಇದ್ರೆ ಏರ್ ಗನ್ನಿಗೆ ಅಂತಲೇ ಮಾಡಿದ 4×32, ಸ್ವಲ್ಪ ಜಾಸ್ತಿ ಇದ್ರೆ 3-9×40 ಎಒ. ಹಾಕ್, ಡಿಸ್ಕವರಿ, ವೆಕ್ಟರ್ ಆಪ್ಟಿಕ್ಸ್ ಥರದ ಬ್ರಾಂಡ್‌ಗಳಲ್ಲಿ ಏರ್ ಗನ್ನಿಗೆ ಆಗೋ ಮಾಡೆಲ್ ಸಿಗ್ತವೆ, ಆದ್ರೆ ಬ್ರಾಂಡ್ ಹೆಸರು ನೋಡಿ ಸುಮ್ನಾಗದೆ ಆ ಮಾಡೆಲ್ ಸ್ಪ್ರಿಂಗರ್‌ಗೆ ಆಗುತ್ತಾ ಅಂತ ಕೇಳ್ರಿ. ಕೆಂಪು ಹಸಿರು ಲೈಟು, ಲೇಸರ್, ಟಾರ್ಚ್ ಎಲ್ಲ ಸೇರಿದ ಕಾಂಬೋ ಬೇಡವೇ ಬೇಡ, ಅದೇ ದುಡ್ಡಲ್ಲಿ ಗಾಜು ಒಳ್ಳೇದು ಬರುತ್ತೆ. ದೊಡ್ಡ ಎಕ್ಸ್ ಹಾಕ್ಕೊಂಡ್ರೆ ನಿಮ್ಮ ಎದೆ ಬಡಿತನೂ ದೊಡ್ಡದಾಗೇ ಕಾಣುತ್ತೆ, ತೂಕ ಜಾಸ್ತಿ ಆದಷ್ಟೂ ಮೌಂಟ್ ಮೇಲೆ ಏಟೂ ಜಾಸ್ತಿ.

ಫಿಟ್ಟಿಂಗ್ ನೀವೇ ಮಾಡ್ರಿ, ಕಷ್ಟ ಇಲ್ಲ. ಮೊದ್ಲು ರೈಫಲ್‌ನಲ್ಲಿ ಪೆಲೆಟ್ ಇಲ್ಲ, ಕಾಕ್ ಆಗಿಲ್ಲ ಅಂತ ಖಾತ್ರಿ ಮಾಡ್ಕೊಳ್ರಿ. ರೈಲು, ರಿಂಗು ಎರಡರ ಮೇಲಿನ ಎಣ್ಣೆನೂ ಒರೆಸಿ ಒಣಗಿಸ್ರಿ. ಮಂಡಿಪೇಟೆ ಹಾರ್ಡ್‌ವೇರ್ ಅಂಗಡೀಲಿ ಗಾರೆಯವರ ತೂಕದಗುಂಡು, ಒಂದು ಚಿಕ್ಕ ಲೆವೆಲ್ ತನ್ರಿ. ತೂಕದಗುಂಡನ್ನ ಹತ್ತು ಮೀಟರ್ ದೂರದ ಗೋಡೆಗೆ, ಬಿಳಿ ದಾರ ಕಾಣೋ ಹಾಗೆ ನೇತುಹಾಕ್ರಿ, ಗಾಳಿಗೆ ಆಡಿದ್ರೆ ಗುಂಡನ್ನ ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ದಾರ ನಿಂತುಬಿಡುತ್ತೆ. ರೈಫಲ್ನ ಚೀಲದ ಮೇಲೆ ಕೂರಿಸಿ ರೈಲಿನ ಮೇಲೆ ಅಡ್ಡಡ್ಡ ಲೆವೆಲ್ ಇಟ್ಟು ನೆಟ್ಟಗೆ ಮಾಡಿ. ಈಗ ರಿಂಗ್ ಸ್ಕ್ರೂ ಸಡಿಲ ಇರೋವಾಗ್ಲೇ ಸ್ಕೋಪ್ ತಿರುಗಿಸ್ತಾ, ಉದ್ದದ ಗೆರೆ ಆ ದಾರದ ಮೇಲೆ ಪೂರ್ತಿ ಕೂರೋವರೆಗೂ ನೋಡ್ರಿ. ಈ ಗೆರೆ ಓರೆ ಇದ್ರೆ 10 ಮೀಟರ್‌ನಲ್ಲಿ ಸರಿ ಹೊಡೆದ ರೈಫಲ್ 25ರಲ್ಲಿ ಪಕ್ಕಕ್ಕೆ ಹೊಡೆಯುತ್ತೆ, ಜನ ಆಗ ಗಾಳಿ ಅಂತಾರೆ. ಕಣ್ಣಿಗೂ ಸ್ಕೋಪಿಗೂ ಮೂರರಿಂದ ನಾಲ್ಕು ಇಂಚು ಅಂತರ ಬರೋ ಹಾಗೆ, ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣೋ ಜಾಗಕ್ಕೆ ಹಿಂದೆ ಮುಂದೆ ಸರಿಸ್ರಿ.

ಬಿಗಿಯೋವಾಗ ಆತುರ ಬೇಡ. ಒಂದು ಸ್ಕ್ರೂ ಅರ್ಧ ಸುತ್ತು, ಆಮೇಲೆ ಮೂಲೆಗೆ ಎದುರಿರೋದು ಅರ್ಧ ಸುತ್ತು, ರಿಂಗಿನ ಎರಡೂ ಬದಿ ಸಂದು ಒಂದೇ ಸಮ ಇರ್ಬೇಕು. ಅಲೆನ್ ಕೀನ ಗಿಡ್ಡ ಕಡೆಯಿಂದ ಎರಡು ಬೆರಳಲ್ಲಿ ಬರೋ ಬಿಗಿ ಸಾಕು, ಜಾಸ್ತಿ ಒತ್ತಿದ್ರೆ ಟ್ಯೂಬ್ ಅದುಮಿಹೋಗುತ್ತೆ. ಕೆಳಗೆ ರೈಲು ಹಿಡಿಯೋ ಸ್ಕ್ರೂಗಳನ್ನ ಮಾತ್ರ ಇದಕ್ಕಿಂತ ಗಟ್ಟಿ ಬಿಗೀರಿ. ಪ್ರತಿ ಸ್ಕ್ರೂ ತಲೆಗೂ ಪಕ್ಕದ ಮೌಂಟಿಗೂ ಸೇರಿಸಿ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೀರಿ, ಸಡಿಲ ಆದ್ರೆ ಗೆರೆ ಮುರಿದಿರೋದು ಕಣ್ಣಿಗೆ ಬೀಳುತ್ತೆ.

ಝೀರೋ ಮಾಡೋಕೆ, ಅಂದ್ರೆ ಗುರಿ ಇಟ್ಟ ಕಡೆಗೇ ಪೆಲೆಟ್ ಬೀಳೋ ಹಾಗೆ ಸ್ಕೋಪ್ ಹೊಂದಿಸೋಕೆ, ಬೆಳಿಗ್ಗೆ ಬೇಗ ಹೋಗ್ರಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ, ಆಷಾಢದ ಗಾಳೀಲಿ ಇಷ್ಟು ಹಗುರದ ಪೆಲೆಟ್ 25 ಮೀಟರ್‌ಗೆಲ್ಲಾ ಪಕ್ಕಕ್ಕೆ ತಳ್ಳಿಸ್ಕೊಳುತ್ತೆ. ಟಾರ್ಗೆಟ್ ಹಿಂದೆ ಮರಳು ತುಂಬಿದ ಚೀಲ ಇರ್ಲೇಬೇಕು, ಬಂಡೆಗೆ ಆನಿಸಿ ಟಾರ್ಗೆಟ್ ಇಡ್ಬೇಡ್ರಿ, ನಮ್ಮ ಕಡೆ ಎಲ್ಲಿ ನೋಡಿದ್ರೂ ಬಂಡೆ, ಪೆಲೆಟ್ ಬಡಿದು ವಾಪಸ್ ಮುಖಕ್ಕೇ ಬರುತ್ತೆ. ಕಣ್ಣಿಗೆ ಕನ್ನಡಕ ಹಾಕ್ರಿ, ಪಕ್ಕ ನಿಂತೋರಿಗೂ ಹಾಕಿಸ್ರಿ.

ಸ್ಕೋಪಿನ ತಿರುಗಣೆ ಒಂದೊಂದು ಹೆಜ್ಜೆ ತಿರುಗೋದಕ್ಕೆ ಕ್ಲಿಕ್ ಅಂತಾರೆ, ಎಂಒಎ ಅನ್ನೋದು ಕೋನದ ಅಳತೆ. ಕಾಲು ಎಂಒಎ ಕ್ಲಿಕ್ ಅಂತ ಬರೆದಿದ್ರೆ ಅದು ಸುಮಾರು 100 ಗಜಕ್ಕೆ ಕಾಲು ಇಂಚು. 25 ಮೀಟರ್‌ಗೆ ಬಂದಾಗ ಒಂದು ಕ್ಲಿಕ್ಕಿಗೆ 1.8 ಎಂಎಂ, 10 ಮೀಟರ್‌ಗೆ ಬರೀ 0.7 ಎಂಎಂ. ಹತ್ತು ಮೀಟರ್‌ನಲ್ಲಿ ಎರಡು ಸೆಂಟಿಮೀಟರ್ ಸರಿಸೋಕೆ 27 ಕ್ಲಿಕ್ ಬೇಕು, ನಾಲ್ಕು ಕ್ಲಿಕ್ ತಿರುಗಿಸಿ ಸ್ಕೋಪ್ ಕೆಲ್ಸ ಮಾಡ್ತಿಲ್ಲ ಅನ್ನಬೇಡ್ರಿ. ಒಂದೊಂದು ಪೆಲೆಟ್ಟಿಗೂ ತಿರುಗಿಸ್ಬೇಡ್ರಿ, ಐದು ಹೊಡೆದು ಗುಂಪಿನ ಮಧ್ಯ ನೋಡಿ ತಿರುಗಿಸ್ರಿ. ಸ್ಪ್ರಿಂಗರ್‌ನ ಗಟ್ಟಿಯಾಗಿ ಅಮುಕಿ ಹಿಡಿಯಬಾರದು, ಮುಂದಿನ ಅಂಗೈ ಮೇಲೆ ಸುಮ್ನೆ ಮಲಗಿರ್ಲಿ, ಅದರಷ್ಟಕ್ಕೆ ಅದು ಜಿಗಿಯಲಿ.

ಝೀರೋ ಆದ್ಮೇಲೆ, ವಾಪಸ್ ಕೊಡೋ ಟೈಮ್ ಮುಗಿಯೋದ್ರೊಳಗೆ ಒಂದು ಪರೀಕ್ಷೆ ಮಾಡ್ಲೇಬೇಕು. ಗುರಿ ಒಂದೇ ಚುಕ್ಕೆಗೆ ಇಟ್ಟು ಮೂರು ಹೊಡೀರಿ, 40 ಕ್ಲಿಕ್ ಮೇಲೆ ತಿರುಗಿಸಿ ಮೂರು, 40 ಬಲಕ್ಕೆ ಮೂರು, 40 ಕೆಳಗೆ ಮೂರು, 40 ಎಡಕ್ಕೆ ಮೂರು. ಪೇಪರ್ ಮೇಲೆ ಚೌಕ ಬಂದು ಕೊನೇ ಮೂರು ಮೊದಲ್ನೇ ಮೂರರ ಮೇಲೇ ಬಿದ್ರೆ ಸ್ಕೋಪ್ ಚೆನ್ನಾಗೈತೆ. ಚೌಕ ಸೊಟ್ಟ ಬಂದ್ರೆ, ಮೌಂಟಿನ ಗೆರೆ ಮುರಿದಿಲ್ಲ ಅಂತ ನೋಡ್ಕೊಂಡು, ಬಿಲ್ ಸಮೇತ ವಾಪಸ್ ಕಳಿಸ್ರಿ.

ಇನ್ನೊಂದು, ಮೇಲಿನ ತಿರುಗಣೆ ಪೂರ್ತಿ ಮೇಲಕ್ಕೆ ಹೋಗಿ ನಿಂತ್ರೂ ಪೆಲೆಟ್ ಕೆಳಗೇ ಬೀಳ್ತಿದ್ರೆ ಬ್ಯಾರೆಲ್ ಸ್ವಲ್ಪ ಕೆಳಕ್ಕೆ ಬಾಗಿದೆ ಅಂತ, ಬ್ಯಾರೆಲ್ ಮುರಿಯೋ ರೈಫಲ್‌ಗಳಲ್ಲಿ ಇದು ಮಾಮೂಲಿ. ಹಿಂದಿನ ರಿಂಗಿನ ಒಳಗೆ, ಟ್ಯೂಬಿನ ಕೆಳಗೆ, ಹಳೇ ಕ್ಯಾಮೆರಾ ನೆಗೆಟಿವ್‌ನ ಒಂದು ತುಂಡು ಕತ್ತರಿಸಿ ಹಾಕ್ರಿ, ಸ್ಕೋಪಿನ ಹಿಂಭಾಗ ಎದ್ದು ಪೆಲೆಟ್ ಮೇಲಕ್ಕೆ ಬರುತ್ತೆ. ಒಂದು ಎರಡು ತುಂಡು ಓಕೆ, ಅದಕ್ಕಿಂತ ಜಾಸ್ತಿ ಬೇಕಾದ್ರೆ ಟ್ಯೂಬ್ ಬಾಗುತ್ತೆ, ಎತ್ತರ ಹೊಂದಿಸೋ ಮೌಂಟೇ ತಗೊಳ್ಳೋದು ಒಳ್ಳೇದು. ಏಪ್ರಿಲ್ ಮೇ ಬಿಸಿಲಲ್ಲಿ ಕಾರೊಳಗೆ ರೈಫಲ್ ಬಿಟ್ಟು ಹೋಗ್ಬೇಡ್ರಿ, ಲೆನ್ಸ್ ಧೂಳನ್ನ ಊದಿ, ಬ್ರಷ್‌ನಲ್ಲಿ ತೆಗೆದ ಮೇಲಷ್ಟೇ ಬಟ್ಟೆ ಮುಟ್ಟಿಸ್ರಿ, ಪ್ರತಿ ಪೆಲೆಟ್ ಡಬ್ಬ ಖಾಲಿಯಾದಾಗ ಆ ನೇಲ್ ಪಾಲಿಷ್ ಗೆರೆಗಳನ್ನೊಂದು ಸಲ ನೋಡ್ರಿ.