ಸಾಕಿಕೊಂಡ ಬೀದಿನಾಯಿಯನ್ನು ಸಿನಿಮಾ ನಟನೆಗೆ ಅಣಿಗೊಳಿಸುವ ಕ್ರಮ

ಬೆಂಗಳೂರಿಗೆ ಸಮೀಪವಾದ್ದರಿಂದಲೂ, ಅಂತರಗಂಗೆಯ ಬಂಡೆಗಳು, ಕೆರೆಯಂಗಳಗಳು, ಕೆಜಿಎಫ್‌ನ ಹಳೆಯ ಗಣಿಪ್ರದೇಶ ಎಲ್ಲವೂ ಒಂದೇ ಜಿಲ್ಲೆಯಲ್ಲಿ ಸಿಗುವುದರಿಂದಲೂ ಕೋಲಾರಕ್ಕೆ ಚಿತ್ರತಂಡಗಳು ಬರುತ್ತಿರುತ್ತವೆ. ಹಳ್ಳಿಯ ಕಥೆಗೆ ಜಾತಿನಾಯಿ ಹೊಂದುವುದಿಲ್ಲ, ಊರನಾಯಿಯೇ ಬೇಕಾಗುತ್ತದೆ. ಆದ್ದರಿಂದ ಬೀದಿಯಿಂದ ತಂದು ಸಾಕಿದ ನಾಯಿಯಿರುವ ಮನೆಗೆ ‘ನಮ್ಮ ಸಿನಿಮಾಗೆ ಕೊಡುತ್ತೀರಾ’ ಎಂಬ ಕೇಳಿಕೆ ಬರಬಹುದು. ಅದಕ್ಕೆ ಒಪ್ಪುವ ಮೊದಲು ನಾಯಿಗೆ ಏನನ್ನು ಕಲಿಸಬೇಕು, ಏನನ್ನು ಎಂದಿಗೂ ಮಾಡಿಸಬಾರದು ಎಂಬುದನ್ನು ನಮ್ಮ ಮನೆಯ ನಾಯಿ ಕೆಂಚಿಯನ್ನು ತರಬೇತುಗೊಳಿಸಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ದಿಕ್ಕಿಲ್ಲದ ನಾಯಿಗೆ ನಟನೆ ಒಗ್ಗದು ಎಂಬ ಮಾತಿನಲ್ಲಿ ಹುರುಳಿಲ್ಲ. ಮೂಕಿಚಿತ್ರಗಳ ಕಾಲದ ಹೆಸರಾಂತ ನಾಯಿ ರಿನ್ ಟಿನ್ ಟಿನ್, 1918ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಲೀ ಡಂಕನ್ ಎಂಬ ಅಮೆರಿಕದ ಸೈನಿಕನಿಗೆ ಸಿಕ್ಕ ಮರಿ. 1974ರ ‘ಬೆಂಜಿ’ ಸಿನಿಮಾದಲ್ಲಿ ಬೆಂಜಿಯ ಪಾತ್ರ ಮಾಡಿದ ಹಿಗಿನ್ಸ್ ಎಂಬ ನಾಯಿಯನ್ನು ತರಬೇತುದಾರ ಫ್ರಾಂಕ್ ಇನ್ ಅವರು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಪ್ರಾಣಿಧಾಮದಿಂದ ತಂದಿದ್ದರು. ಬೀದಿಯಲ್ಲಿ ಬದುಕಿದ ನಾಯಿ ಮನುಷ್ಯರ ಮುಖವನ್ನು ಸೂಕ್ಷ್ಮವಾಗಿ ಗಮನಿಸುತ್ತದೆ, ಮತ್ತು ನಟನೆಗೆ ಬೇಕಾದ ಮೊದಲ ಗುಣವೂ ಅದೇ.

ತರಬೇತಿಗೆ ಮುಂಚೆ ಆರೋಗ್ಯ ನೋಡಿಕೊಳ್ಳಬೇಕು. ರೇಬೀಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ನಾಯಿರೋಗಗಳನ್ನು ತಡೆಯುವ ಲಸಿಕೆ, ಜಂತುಹುಳುವಿನ ಔಷಧಿ, ಸಂತಾನಹರಣ ಶಸ್ತ್ರಚಿಕಿತ್ಸೆ ಇವೆಲ್ಲ ಮುಗಿದಿರಲಿ. ಉಣ್ಣೆ ಕಚ್ಚಿ ಬರುವ ಜ್ವರ ನಮ್ಮ ಕಡೆಯ ನಾಯಿಗಳಲ್ಲಿ ಸಾಮಾನ್ಯವಾದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಅನಂತರದ ಕೆಲಸ ನಾಯಿಯ ಭಯಗಳನ್ನು ಗುರುತಿಸುವುದು. ಇದಕ್ಕೆ ಎಷ್ಟು ಸಮಯ ಹಿಡಿದರೂ ಆತುರಪಡಬಾರದು. ಕೋಲು ಹಿಡಿದವರನ್ನು ಕಂಡರೆ ಮುದುರಿಕೊಳ್ಳುತ್ತದೆಯೇ, ಬೈಕಿನ ಸದ್ದಿಗೆ ಓಡುತ್ತದೆಯೇ, ತಲೆಯ ಮೇಲಿಂದ ಕೈ ಬಂದರೆ ಬೆದರುತ್ತದೆಯೇ ಎಂಬುದನ್ನು ಬರೆದಿಡಿ. ಕೆಂಚಿ ಮುರಿದ ಹಿಂಗಾಲಿನೊಂದಿಗೆ ಟೊಮೆಟೊ ಮಂಡಿಯ ಬಳಿ ಸಿಕ್ಕವಳು. ಲಾರಿ ಹಿಂದಕ್ಕೆ ಬರುವ ಸದ್ದು ಅವಳಿಗೆ ಬಹುಕಾಲ ಆಗುತ್ತಿರಲಿಲ್ಲ. ಸೆಟ್ಟಿನಲ್ಲಿ ಬೂಮ್ ಮೈಕಿನ ಉದ್ದನೆಯ ಕೋಲು ತಲೆಯ ಮೇಲೆ ತೂಗುತ್ತದೆ, ಬೆಳಕನ್ನು ತಿರುಗಿಸುವ ರಿಫ್ಲೆಕ್ಟರ್ ಹಲಗೆ ಫಳಕ್ಕನೆ ಹೊಳೆಯುತ್ತದೆ, ಜನರೇಟರ್ ಗುಡುಗುತ್ತದೆ. ಪೆಟ್ಟು ತಿಂದ ನಾಯಿಗೆ ಇವೆಲ್ಲ ಹಳೆಯ ಹೆದರಿಕೆಯನ್ನು ಮರಳಿ ತರಬಲ್ಲವು. ಆದ್ದರಿಂದ ಭಯದ ವಸ್ತುವನ್ನು ಮೊದಲು ದೂರದಲ್ಲಿಟ್ಟು, ನಾಯಿ ನೆಮ್ಮದಿಯಿಂದ ತಿನ್ನುವಷ್ಟು ಅಂತರದಲ್ಲೇ ತಿನಿಸು ಕೊಡುತ್ತ, ದಿನಗಳೆದಂತೆ ಸ್ವಲ್ಪಸ್ವಲ್ಪವೇ ಹತ್ತಿರಕ್ಕೆ ತರಬೇಕು. ಗದ್ದಲದ ಅಭ್ಯಾಸಕ್ಕೆ ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಗಿಂತ ಒಳ್ಳೆಯ ಶಾಲೆಯಿಲ್ಲ. ಹರಾಜಿನ ಕೂಗು, ಬಾಕ್ಸ್‌ಗಳ ಸದ್ದು, ಲಾರಿಗಳ ಹಾರ್ನ್ ಎಲ್ಲವೂ ಅಲ್ಲಿವೆ. ಆದರೆ ಮೊದಲ ವಾರಗಳಲ್ಲಿ ಗೇಟಿನಾಚೆ, ರಸ್ತೆಯ ಇನ್ನೊಂದು ಬದಿಯಲ್ಲಿ ಕುಳಿತರೆ ಸಾಕು. ಅಂತರಗಂಗೆಗೆ ಕರೆದೊಯ್ದರೆ ಮಂಗಗಳ ಕಾಟವಿರುವುದರಿಂದ ಹಗ್ಗ ಬಿಚ್ಚಬೇಡಿ.

ನಟನೆಯ ಪಾಠ ಒಂದು ಸದ್ದಿನಿಂದ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ, ಒತ್ತಿದರೆ ಸದ್ದು ಮಾಡುವ ಕ್ಲಿಕ್ಕರ್ ಅಥವಾ ನಾಲಿಗೆಯಿಂದ ಮಾಡುವ ‘ಟಕ್’ ಎಂಬ ಸದ್ದು ಸಾಕು. ಸದ್ದು ಮಾಡಿದ ಕೂಡಲೇ ಬೇಯಿಸಿದ ಕೋಳಿಯ ಸಣ್ಣ ತುಂಡು ಕೊಡಿ. ಸದ್ದು ಬಂದರೆ ತಿನಿಸು ಖಂಡಿತ ಎಂದು ನಾಯಿಗೆ ಖಚಿತವಾದ ಮೇಲೆ, ಅದು ಸರಿಯಾದುದನ್ನು ಮಾಡಿದ ಕ್ಷಣಕ್ಕೆ ಸರಿಯಾಗಿ ಆ ಸದ್ದನ್ನು ಮಾಡಬೇಕು. ಒಂದು ಪಾಠ ಐದು ನಿಮಿಷ ಮೀರದಿರಲಿ. ಹೊಡೆತ, ಗದರಿಕೆ, ಉಪವಾಸ ಕೆಡವುವುದು, ಇವು ಯಾವ ಕಾರಣಕ್ಕೂ ಬೇಡ. ಅಂಜಿಕೆಯಿಂದ ಕಲಿತ ನಾಯಿಯ ಬಾಲ ಕ್ಯಾಮೆರಾದ ಮುಂದೆ ಕಾಲ ಸಂದಿಗೆ ಹೋಗಿರುತ್ತದೆ, ಅದನ್ನು ಯಾವ ಎಡಿಟಿಂಗೂ ಮರೆಸಲಾರದು.

ಮೊದಲು ಕಲಿಸಬೇಕಾದದ್ದು ಮಾರ್ಕ್, ಅಂದರೆ ಬಂದು ನಿಲ್ಲಬೇಕಾದ ಜಾಗ. ಗೋಣಿಚೀಲದ ತುಂಡೊಂದನ್ನು ನೆಲಕ್ಕೆ ಹಾಸಿ, ನಾಯಿ ಅದರ ಮೇಲೆ ಮುಂಗಾಲಿಟ್ಟಾಗಲೆಲ್ಲ ಸದ್ದು ಮಾಡಿ ತಿನಿಸು ಕೊಡಿ. ತುಂಡನ್ನು ಕತ್ತರಿಸುತ್ತ ಕತ್ತರಿಸುತ್ತ ಅಂಗೈಯಷ್ಟಕ್ಕೆ ಇಳಿಸಿದರೆ, ಚಿತ್ರೀಕರಣದ ದಿನ ಅದನ್ನು ಹುಲ್ಲಿನ ನಡುವೆ ಕಾಣದಂತೆ ಇಡಬಹುದು. ಅನಂತರ ‘ಇರು’ ಎಂಬ ಆಜ್ಞೆ, ದೂರದಿಂದ ‘ಬಾ’, ಗದ್ದವನ್ನು ನೆಲದ ಮೇಲೂ ಮನುಷ್ಯರ ಮೊಣಕಾಲಿನ ಮೇಲೂ ಊರುವುದು. ಗದ್ದ ಊರಿದ ನಾಯಿ ಕಣ್ಣೆತ್ತಿ ನೋಡಿದರೆ ಪ್ರೇಕ್ಷಕರಿಗೆ ದುಃಖವಾಗಿ ಕಾಣುತ್ತದೆ. ನಾಯಿಗೆ ನಿಜವಾದ ದುಃಖ ಕೊಡುವ ಅಗತ್ಯವೇ ಇಲ್ಲ. ಧ್ವನಿಮುದ್ರಣ ನಡೆಯುವಾಗ ನೀವು ಮಾತನಾಡುವಂತಿಲ್ಲವಾದ್ದರಿಂದ ಪ್ರತಿಯೊಂದು ಆಜ್ಞೆಯನ್ನೂ ಕೈಸನ್ನೆಗೆ ಬದಲಾಯಿಸಿರಬೇಕು. ಬೊಗಳುವ ಸದ್ದನ್ನು ಆಮೇಲೆ ಸೇರಿಸಬಹುದಾದ್ದರಿಂದ ಅದಕ್ಕಾಗಿ ನಾಯಿಯನ್ನು ಕೆರಳಿಸುವವರಿಗೆ ಅವಕಾಶ ಕೊಡಬೇಡಿ. ಇನ್ನು ನಾಯಿಯ ನೋಟ ನೀವು ನಿಂತ ಕಡೆಗೇ ತಿರುಗುತ್ತದೆ. ನಾಯಕನ ಮುಖವನ್ನು ನೋಡಬೇಕಿದ್ದರೆ ಆ ನಟರೇ ಕೆಲವು ದಿನ ಮುಂಚಿತವಾಗಿ ಬಂದು, ತಮ್ಮ ಕೈಯಿಂದ ಊಟ ಹಾಕಿ, ವಾಕಿಂಗ್ ಕರೆದೊಯ್ಯಬೇಕು. ಇದಕ್ಕೆ ಸಮಯವಿಲ್ಲ ಎನ್ನುವ ತಂಡಕ್ಕೆ ನಾನು ನಾಯಿಯನ್ನು ಕೊಡುವುದಿಲ್ಲ. ಕೆಂಚಿಯಿಂದ ಕುಂಟಿಸುವ ದೃಶ್ಯಕ್ಕೂ ನಾನು ಒಪ್ಪಲಿಲ್ಲ, ಏಕೆಂದರೆ ಕೂಡಿದ ಮೂಳೆಯ ಮೇಲೆ ಮತ್ತೆ ಮತ್ತೆ ಭಾರ ಬದಲಿಸುವುದು ತಕ್ಕದ್ದಲ್ಲ.

ಕಾನೂನಿನ ವಿಷಯವನ್ನು ಹಗುರವಾಗಿ ಕಾಣಬಾರದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಬಂದ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಸಾಕುನಾಯಿಗೂ ಅನ್ವಯಿಸುತ್ತವೆ. ಚಿತ್ರೀಕರಣಕ್ಕೆ ಮೊದಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ನಾಯಿಯ ವಯಸ್ಸು, ಆರೋಗ್ಯ, ದೃಶ್ಯದ ಸ್ವರೂಪ, ಅವಧಿ, ತರಬೇತಿಯ ವಿಧಾನ ಇವುಗಳನ್ನು ತಿಳಿಸಬೇಕು ಮತ್ತು ಪಶುವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಮಂಡಳಿಯ ನಿರಾಕ್ಷೇಪಣೆ ಇಲ್ಲದೆ ಸೆನ್ಸಾರ್ ಪ್ರಮಾಣಪತ್ರಕ್ಕೂ ತೊಡಕಾಗುತ್ತದೆ. ‘ಆಮೇಲೆ ನೋಡಿಕೊಳ್ಳೋಣ ಬಿಡಿ’ ಎನ್ನುವ ಪ್ರೊಡಕ್ಷನ್ ಮ್ಯಾನೇಜರ್‌ಗೆ ಈ ಮಾತನ್ನು ನೆನಪಿಸಿ. ದಿನಕ್ಕೆ ಎಷ್ಟು ಗಂಟೆ, ವಿರಾಮ ಎಲ್ಲಿ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಕರಾರಿನಲ್ಲಿ ಬರೆದಿರಲಿ.

ಚಿತ್ರೀಕರಣದ ದಿನ ಮನೆಯ ನೀರನ್ನೇ ಒಯ್ಯಿರಿ. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಅನೇಕ ಕೆರೆಗಳಿಗೆ ಹರಿಯುತ್ತಿದೆ, ನಾಯಿಗೆ ಕೆರೆಯ ನೀರು ಕುಡಿಸಬೇಡಿ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ರಾಶಿಬಿದ್ದ ಕೆಜಿಎಫ್‌ನ ಸೈನೈಡ್ ಗುಡ್ಡಗಳು ಚಿತ್ರಕ್ಕೆ ಚೆಂದ ಕಾಣುತ್ತವೆಯಾದರೂ ಗಾಳಿಗೆ ಏಳುವ ಆ ದೂಳಿನಲ್ಲಿ ನಾಯಿಯನ್ನು ಓಡಿಸುವುದು ಸಲ್ಲದು, ಅದು ಪಾದ ನೆಕ್ಕಿದರೂ ದೂಳು ಹೊಟ್ಟೆಗೆ ಸೇರುತ್ತದೆ. ಕ್ಯಾಟರಿಂಗ್ ತಟ್ಟೆಯ ಬಿರಿಯಾನಿ ಮೂಳೆ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವುದನ್ನೂ ಯಾರೂ ಕೊಡದಂತೆ ನೋಡಿಕೊಳ್ಳಿ. ನಾಯಿ ಬೆವರಿ ತಣಿಯುವ ಪ್ರಾಣಿಯಲ್ಲ, ತೇಕಿ ತಣಿಯುತ್ತದೆ. ಬೇಸಿಗೆಯಲ್ಲಿ ಅದರ ದೃಶ್ಯಗಳನ್ನು ಬೆಳಿಗ್ಗೆಯೇ ಮುಗಿಸಬೇಕು, ನಿಮ್ಮ ಅಂಗೈ ತಾಳದ ನೆಲದ ಮೇಲೆ ಅದನ್ನು ನಡೆಸಬಾರದು.

ನಾಯಿ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವು ಸಾಕಾಯಿತು ಎಂಬುದರ ಗುರುತು. ಇಷ್ಟದ ಕೋಳಿ ತುಂಡನ್ನೂ ಬೇಡವೆಂದರೆ ಆ ದಿನದ ಕೆಲಸ ಮುಗಿಯಿತೆಂದೇ ತಿಳಿಯಿರಿ. ನಿರ್ದೇಶಕರಿಗೆ ಇನ್ನೊಂದು ಟೇಕ್ ಬೇಕಿದ್ದರೆ ನಾಯಿಯನ್ನು ನೆರಳಿನಲ್ಲಿ ಮಲಗಿಸಿ, ಅದರ ನೋಟವನ್ನು ಬೇರೆಯಾಗಿ ಹತ್ತಿರದ ಶಾಟ್‌ನಲ್ಲಿ ಮರುದಿನ ತೆಗೆದುಕೊಳ್ಳಲು ಕೇಳಿ. ಅನುಭವವಿರುವ ಛಾಯಾಗ್ರಾಹಕರು ಇದಕ್ಕೆ ತಕರಾರು ಮಾಡುವುದಿಲ್ಲ.