ಕಮೇಯಿದೊ ತೆಂಜಿನ್: ಮಕ್ಕಳ ಪರೀಕ್ಷೆಗೆ ಮುಂಚೆ ಹೋಗುವ ಗುಡಿ

ಟೋಕಿಯೊದ ನಿಶಿ-ಕಸಾಯಿ, ಒಜಿಮಾ ಕಡೆ ಮನೆ ಮಾಡಿದವರಿಗೆ ಇದು ದೂರವಲ್ಲ. ಜೆಆರ್ ಕಮೇಯಿದೊ ಸ್ಟೇಷನ್ನಿನ ಉತ್ತರ ಬಾಗಿಲಿಂದ ನಡೆದು 15 ನಿಮಿಷ.

ಇಲ್ಲಿಯ ದೇವರು ಸುಗವಾರ ನೊ ಮಿಚಿಜಾನೆ (845–903). ಕ್ಯೋತೊ ಅರಮನೆಯಲ್ಲಿ ದೊಡ್ಡ ಹುದ್ದೆಗೇರಿದ ವಿದ್ವಾಂಸರು, ಕವಿ. ಚಾಡಿಮಾತಿಗೆ ಬಲಿಯಾಗಿ 901ರಲ್ಲಿ ದೂರದ ಕ್ಯೂಶು ದ್ವೀಪದ ದಜಾಯಿಫುವಿಗೆ ಗಡೀಪಾರಾದರು, ಅಲ್ಲೇ ತೀರಿಕೊಂಡರು. 930ರಲ್ಲಿ ಅರಮನೆಗೆ ಸಿಡಿಲು ಬಡಿದಾಗ ಜನ ಅದನ್ನು ಅವರ ಕೋಪವೆಂದೇ ನಂಬಿ, ಶಾಂತಿಗಾಗಿ ತೆಂಜಿನ್ ಎಂದು ಪೂಜಿಸಿದರು. ಅನ್ಯಾಯಕ್ಕೊಳಗಾಗಿ ಸತ್ತವರು ದೈವವಾಗುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಈಗ ಅವರು ವಿದ್ಯೆಯ ದೇವರು. ಜನವರಿಯಲ್ಲಿ ಪ್ರವೇಶ ಪರೀಕ್ಷೆಯ ಮಕ್ಕಳು ಸಾಲುಗಟ್ಟುತ್ತಾರೆ.

ತೊರಿಯಿ ಕಮಾನಿನ ಮುಂದೆ ತಲೆಬಾಗಿ ಒಳಗೆ ಬನ್ನಿ. ದಾರಿಯ ನಡುಭಾಗ ದೇವರದ್ದು, ಅಂಚಿನಲ್ಲಿ ನಡೆಯಿರಿ. ಚಪ್ಪಲಿ ಬಿಡುವುದು ಬೇಡ.

ಹೆಚ್ಚಿನವರು ತಪ್ಪುವುದು ನೀರಿನ ತೊಟ್ಟಿಯ ಹತ್ತಿರ. ಎಲ್ಲವೂ ಒಂದೇ ಸೌಟು ನೀರಿನಲ್ಲಿ ಮುಗಿಯಬೇಕು, ಹಾಗಾಗಿ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ. ಕೈ ಬದಲಿಸಿ ಬಲಗೈ. ಮತ್ತೆ ಬಲಗೈಗೆ ಸೌಟು ತಂದು, ಎಡಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೆ ಬಾಯಿ ತಾಗಬಾರದು (ಎಂಜಲು ನಮಗೆ ಹೇಳಿಕೊಡಬೇಕಾಗಿಲ್ಲ). ಉಗುಳುವುದು ತೊಟ್ಟಿಗಲ್ಲ, ಕೆಳಗಿನ ಚರಂಡಿಗೆ. ಎಡಗೈಯನ್ನು ಇನ್ನೊಮ್ಮೆ ತೊಳೆದು, ಸೌಟನ್ನು ನೆಟ್ಟಗೆ ಎತ್ತಿ: ಉಳಿದ ನೀರು ಹಿಡಿಯ ಮೇಲೆ ಇಳಿದು, ಮುಂದಿನವರಿಗೆ ಅದು ಶುದ್ಧವಾಗುತ್ತದೆ. ಸೌಟು ಇಡದ ಕಡೆ ಹರಿಯುವ ನೀರಲ್ಲಿ ಕೈ ತೊಳೆದರೆ ಸಾಕು.

ಪೆಟ್ಟಿಗೆಗೆ ನಾಣ್ಯ ಹಾಕಿ. 5 ಯೆನ್, ಅಂದರೆ 'ಗೊ-ಎನ್', ಋಣಾನುಬಂಧ ಎಂಬರ್ಥದ ಮಾತಿನಂತೆಯೇ ಕೇಳುವುದರಿಂದ ಅದಕ್ಕೆ ಮರ್ಯಾದೆ. ಸೊಂಟ ಬಾಗಿಸಿ ಎರಡು ನಮಸ್ಕಾರ, ಎರಡು ಚಪ್ಪಾಳೆ, ಕೈಮುಗಿದು ಬೇಡಿಕೆ, ಕೊನೆಗೆ ಒಂದು ನಮಸ್ಕಾರ. ಬೌದ್ಧ ದೇಗುಲಗಳಲ್ಲಿ ಮಾತ್ರ ಚಪ್ಪಾಳೆ ತಟ್ಟಬೇಡಿ. ತೆಂಗಿನಕಾಯಿ, ಕರ್ಪೂರ, ಕುಂಕುಮ ಮನೆಯಲ್ಲೇ ಇರಲಿ.

ಹರಕೆ ಬರೆಯುವ ಮರದ ಹಲಗೆ 'ಎಮಾ'. ಕನ್ನಡದಲ್ಲೇ ಬರೆಯಬಹುದು, ಎಲ್ಲರೂ ಓದುವ ಜಾಗದಲ್ಲಿ ತೂಗುವುದರಿಂದ ಮನೆ ವಿಳಾಸ ಬೇಡ.

ಜನವರಿ 24, 25ರಂದು 'ಉಸೊ-ಕಾಯೆ'. ಉಸೊ ಒಂದು ಹಕ್ಕಿ. ಆ ಮಾತಿಗೆ ಸುಳ್ಳು ಎಂಬರ್ಥವೂ ಇದೆ. ಹಳೆಯ ಮರದ ಹಕ್ಕಿಯನ್ನು ಒಪ್ಪಿಸಿ ಹೊಸದು ತಂದರೆ ಹೋದ ವರ್ಷದ ಕೆಡುಕು ಸುಳ್ಳಾಗುತ್ತದಂತೆ. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದವಿರುತ್ತದೆ.

ಏಪ್ರಿಲ್ ಕೊನೆಯಲ್ಲಿ ಕೊಳದ ಮೇಲೆ ಫುಜಿ ಬಳ್ಳಿಯ (ವಿಸ್ಟೀರಿಯಾ) ನೇರಳೆ ಹೂಗೊಂಚಲು ಜೋತು ಬೀಳುತ್ತವೆ. ಕಮಾನು ಸೇತುವೆಗಳಿಗೆ ಮೆಟ್ಟಿಲಿವೆ. ಮಗುವಿನ ತಳ್ಳುಗಾಡಿ ಇದ್ದರೆ ಪಕ್ಕದ ದಾರಿ ಹಿಡಿಯಿರಿ.