ಎಡಿಟಿಂಗ್: ಮೊದಲು ಯಾವುದು, ಆಮೇಲೆ ಯಾವುದು

ಫೋಟೋಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ) ಫಾರ್ಮ್ಯಾಟ್‌ನಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಹಂತ ಮಾತ್ರ. 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಸಂಜೆಯ ಆಕಾಶವನ್ನು ತಿದ್ದುವಾಗ ಜೆಪೆಗ್‌ನಲ್ಲಿ ಪಟ್ಟೆಗಳು ಏಳುವುದು ಇದರಿಂದಲೇ.

ಮೊದಲು ಆಯ್ಕೆ. ಕಣ್ಣು ಮುಚ್ಚಿದ, ಫೋಕಸ್ ತಪ್ಪಿದ ಚಿತ್ರಗಳನ್ನು ಬದಿಗಿಡಿ. ನಂತರ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವುದು), ಆಮೇಲೆ ಎಕ್ಸ್‌ಪೋಶರ್ (ಚಿತ್ರದ ಒಟ್ಟಾರೆ ಬೆಳಕು). ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ಒತ್ತಿಕೊಂಡಿದ್ದರೆ ಹೈಲೈಟ್ಸ್, ಅಂದರೆ ಹೆಚ್ಚು ಬೆಳಕಿನ ಭಾಗಗಳನ್ನು, ಇಳಿಸಿ ನೋಡಿ. ಮೂರೂ ಬಣ್ಣದ ಚಾನೆಲ್ ತುಂಬಿಹೋಗಿದ್ದರೆ ಆ ಜಾಗದ ವಿವರ ಮರಳಿ ಬರುವುದಿಲ್ಲ.

ಹೆಚ್ಚಿನವರು ಎಡವುವುದು ಚರ್ಮದಲ್ಲಿ. ಮೊಡವೆ ನಾಲ್ಕು ದಿನದ್ದು, ತೆಗೆಯಬಹುದು. ಮಚ್ಚೆ ಆ ವ್ಯಕ್ತಿಯ ಗುರುತು, ಕೇಳದೆ ಮುಟ್ಟಬಾರದು. ರಿಟಚಿಂಗ್ ಅನ್ನು ಬೇರೆ ಲೇಯರ್‌ನಲ್ಲಿ ಮಾಡಿ, ಕೊನೆಗೆ ಅದರ ಒಪ್ಯಾಸಿಟಿಯನ್ನು (ದಟ್ಟತೆ) ಶೇ. 50–60ಕ್ಕೆ ಇಳಿಸಿ, ಚರ್ಮದ ಸಹಜ ನವಿರು ಉಳಿಯುತ್ತದೆ, ಮುಖ ಮೇಣದ ಗೊಂಬೆಯಾಗುವುದಿಲ್ಲ. ಸುದ್ದಿಚಿತ್ರವಾದರೆ ಮಾತ್ರ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ.

ಪ್ರಿಂಟ್ ಕಪ್ಪಾಗಿ ಬರುತ್ತಿದೆಯೇ? ಮಾನಿಟರ್ ಬೆಳಕು ಹೆಚ್ಚಿದ್ದರೆ ಹಾಗಾಗುತ್ತದೆ. ಅದನ್ನು ತಗ್ಗಿಸಿ ಕ್ಯಾಲಿಬ್ರೇಟ್ ಮಾಡಿ (ಪರದೆಯ ಬಣ್ಣ, ಬೆಳಕನ್ನು ನಿಗದಿತ ಮಟ್ಟಕ್ಕೆ ಹೊಂದಿಸಿ). ವೆಬ್‌ಗೆ ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ. ಇನ್ನೊಂದು ವ್ಯಾಪ್ತಿಯಾದ ಅಡೋಬಿ ಆರ್‌ಜಿಬಿಯ ಫೈಲ್ ಎಷ್ಟೋ ಪರದೆಗಳಲ್ಲಿ ಮಂಕಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ 300 ಪಿಪಿಐ (ಒಂದು ಇಂಚಿಗೆ ಇಷ್ಟು ಪಿಕ್ಸೆಲ್) ಇರಲಿ.